ಹಸುವಿನ ಉಸಿರು, ಗಂಜಲ, ಹಾಲು, ರಕ್ತ: ಕೀಟೋಸಿಸ್ ಪತ್ತೆಗೆ ಯಾವುದನ್ನು ನಂಬಬೇಕು?

ಕರು ಹಾಕಿ ಎರಡು ವಾರವಾದ ಎಚ್‌ಎಫ್ ಮಿಶ್ರತಳಿ ಹಸು. ಇದ್ದಕ್ಕಿದ್ದಂತೆ ಹಿಂಡಿ, ಬೂಸಾ ಮೂಸಿ ಬಿಟ್ಟುಬಿಡುತ್ತದೆ. ಒಣಹುಲ್ಲು ಮಾತ್ರ ಅಷ್ಟಿಷ್ಟು ತಿನ್ನುತ್ತದೆ. ಹಾಲು ಇಳಿಯುತ್ತದೆ. ಜ್ವರ ಇಲ್ಲ, ಸಗಣಿ ಗಟ್ಟಿ, ಪಕ್ಕೆಲುಬು ಎದ್ದು ಕಾಣುವಷ್ಟು ಬೇಗ ಸೊರಗುತ್ತದೆ. ಹತ್ತಿರ ಹೋದರೆ ಉಸಿರಿನಲ್ಲಿ ಒಂದು ಸಿಹಿ ವಾಸನೆ. ಹೆಚ್ಚು ಹಾಲಿನ ಹಸು ಕಟ್ಟಿದವರಿಗೆ ಈ ಲಕ್ಷಣಗಳು ಹೊಸತಲ್ಲ. ಇದು ಕೀಟೋಸಿಸ್ ಇರಬಹುದು, ಅಂದರೆ ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಎಂಬ ವಸ್ತುಗಳು ಏರುವ ರೋಗ.

ಈಗ ಉಸಿರಿನಿಂದಲೇ ರೋಗ ಹೇಳುವ ಉಪಕರಣಗಳ ಸುದ್ದಿ ಬರುತ್ತಿದೆ. ಸೂಜಿ ಬೇಡ, ರಕ್ತ ಬೇಡ, ಮೂಗಿನ ಹತ್ತಿರ ಹಿಡಿದರೆ ಸಾಕು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ದುಡ್ಡು ಹಾಕುವ ಮುಂಚೆ ಉಸಿರು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರಬೇಕು. ಗಂಜಲದ ಪಟ್ಟಿ, ಹಾಲಿನ ಪರೀಕ್ಷೆ, ರಕ್ತದ ಮೀಟರ್ ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೀಟೋಸಿಸ್ ವಿಷಯದಲ್ಲಿ ಉಸಿರು ಸುಳ್ಳು ಹೇಳುವುದಿಲ್ಲ. ಆದರೆ ಇವತ್ತಿನ ಮಟ್ಟಿಗೆ ಅದು ಪರೀಕ್ಷೆ ಮಾಡಿಸಲು ಒಂದು ಕಾರಣ, ತಾನೇ ಒಂದು ಪರೀಕ್ಷೆಯಲ್ಲ. ತೀರ್ಮಾನಕ್ಕೆ ಗಂಜಲ ಅಥವಾ ರಕ್ತ ಬೇಕೇ ಬೇಕು.

ಉಸಿರಿಗೆ ಆ ವಾಸನೆ ಎಲ್ಲಿಂದ ಬರುತ್ತದೆ

ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಭರದಿಂದ ಏರುತ್ತದೆ, ಹೊಟ್ಟೆಗೆ ತೆಗೆದುಕೊಳ್ಳುವ ಮೇವು ಅಷ್ಟು ಬೇಗ ಏರುವುದಿಲ್ಲ. ಹಾಲಿನ ಸಕ್ಕರೆಗೆ ಬೇಕಾದ ಗ್ಲೂಕೋಸ್ ಸಾಲದೆ ಹೋಗುತ್ತದೆ. ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಲು ಶುರು ಮಾಡುತ್ತದೆ. ಆ ಕೊಬ್ಬು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಪೂರ್ತಿ ಉರಿಯಲಾಗದೆ ಮೂರು ವಸ್ತುಗಳಾಗಿ ಹೊರಬರುತ್ತದೆ: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಮತ್ತು ಅಸಿಟೋನ್. ಮೂರನ್ನೂ ಸೇರಿಸಿ ಕೀಟೋನ್ ಎನ್ನುತ್ತಾರೆ. ಎರಡನೆಯದರ ಹೆಸರು ಉದ್ದ, ಹಾಗಾಗಿ ಎಲ್ಲರೂ ಬಿಎಚ್‌ಬಿ ಎಂದೇ ಕರೆಯುತ್ತಾರೆ.

ಯಾವ ಪರೀಕ್ಷೆ ಯಾವುದನ್ನು ನೋಡುತ್ತದೆ ಎಂಬುದರಲ್ಲೇ ಈ ಹೋಲಿಕೆಯ ಗುಟ್ಟು ಇದೆ. ಗಾಳಿಯಲ್ಲಿ ಸುಲಭವಾಗಿ ಹಾರುವುದು ಅಸಿಟೋನ್ ಒಂದೇ. ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಹೋಗುತ್ತದೆ. ಹಾಲಿಗೂ ಇಳಿಯುತ್ತದೆ. ಬಣ್ಣ ಬದಲಾಗುವ ಗಂಜಲದ ಪಟ್ಟಿ ಮುಖ್ಯವಾಗಿ ಅಸಿಟೋಅಸಿಟೇಟ್ ನೋಡುತ್ತದೆ. ರಕ್ತದ ಮೀಟರ್ ಬಿಎಚ್‌ಬಿ ನೋಡುತ್ತದೆ. ಮೂರರಲ್ಲಿ ರಕ್ತದಲ್ಲಿ ಜಾಸ್ತಿ ಇರುವುದೂ, ಮಾದರಿ ತೆಗೆದ ಮೇಲೆ ಕೆಡದೆ ಉಳಿಯುವುದೂ ಬಿಎಚ್‌ಬಿ. ಅಸಿಟೋಅಸಿಟೇಟ್ ತಾನಾಗಿಯೇ ಒಡೆದು ಅಸಿಟೋನ್ ಆಗುತ್ತಾ ಹೋಗುತ್ತದೆ. ಅಂದರೆ ಉಸಿರಿನ ಉಪಕರಣ ಎಷ್ಟೇ ಚೆನ್ನಾಗಿದ್ದರೂ ವೈದ್ಯರು ನೋಡುವ ಬಿಎಚ್‌ಬಿಯನ್ನು ಅದು ನೇರವಾಗಿ ಅಳೆಯಲಾರದು. ಅಸಿಟೋನ್ ನೋಡಿ ಅಂದಾಜು ಮಾಡುತ್ತದೆ ಅಷ್ಟೇ.

ನಮ್ಮದೇ ಮೂಗು

ಖರ್ಚಿಲ್ಲದ ಉಪಕರಣ ಇದು. ಅನುಭವ ಇರುವ ಪಶು ವೈದ್ಯರು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಹೇಳಿಬಿಡುವುದನ್ನು ನೀವೂ ನೋಡಿರಬಹುದು. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಇರುವುದೂ ಅಸಿಟೋನ್, ಹಸುವಿನ ಉಸಿರಿನಲ್ಲಿ ಬರುವುದೂ ಅದೇ. ಜಾಸ್ತಿ ಕಳಿತ ಹಣ್ಣಿನ ವಾಸನೆ ಎಂದು ಕೆಲವರಿಗೆ ಅನ್ನಿಸುತ್ತದೆ. ಆಗ ತಾನೇ ಕರೆದ ಬೆಚ್ಚಗಿನ ಹಾಲಿನಲ್ಲೂ ಸಿಗುತ್ತದೆ.

ತೊಂದರೆ ಏನೆಂದರೆ ಈ ವಾಸನೆ ಎಲ್ಲರ ಮೂಗಿಗೂ ಒಂದೇ ರೀತಿ ಹತ್ತುವುದಿಲ್ಲ. ಒಂದೇ ಮನೆಯಲ್ಲಿ ಅತ್ತೆಗೆ ದೂರದಿಂದಲೇ ಗೊತ್ತಾಗುತ್ತದೆ, ಮಗನಿಗೆ ಮೂಗಿನ ಹತ್ತಿರ ಹೋದರೂ ಗೊತ್ತಾಗುವುದಿಲ್ಲ. ಮೂಗು ಚುರುಕಿಲ್ಲ ಎಂದು ಬೇಸರ ಮಾಡಿಕೊಳ್ಳಬೇಕಿಲ್ಲ, ಅದು ಹುಟ್ಟಿನಿಂದ ಬಂದ ವ್ಯತ್ಯಾಸ. ಆದರೆ ಮನೆಯಲ್ಲಿ ಯಾರ ಮೂಗನ್ನು ನಂಬಬಹುದು ಎಂದು ತಿಳಿದುಕೊಂಡಿರುವುದು ಒಳ್ಳೆಯದು. ಜೊತೆಗೆ ಕೊಟ್ಟಿಗೆಯಲ್ಲೇ ಇದ್ದವರಿಗೆ ವಾಸನೆ ಒಗ್ಗಿಹೋಗುತ್ತದೆ. ರಸಮೇವು ತಿನ್ನಿಸುವವರ ಕೊಟ್ಟಿಗೆಯಲ್ಲಂತೂ ಹುಳಿ, ಸಿಹಿ ಎಲ್ಲ ಸೇರಿಕೊಂಡು ಇನ್ನೂ ಗೊಂದಲ. ಬೆಳಿಗ್ಗೆ ಮೇವು ಹಾಕುವ ಮುಂಚೆ, ಹೊರಗಿನಿಂದ ಒಳಗೆ ಬಂದ ಕೂಡಲೇ ನೋಡುವುದು ಉತ್ತಮ.

ಇನ್ನೊಂದು ಮಿತಿ ಮುಖ್ಯವಾದದ್ದು. ವಾಸನೆ ನಮ್ಮ ಮೂಗಿಗೆ ಹತ್ತುವ ಹೊತ್ತಿಗೆ ರೋಗ ಸಾಮಾನ್ಯವಾಗಿ ಬಲಿತಿರುತ್ತದೆ. ನಷ್ಟ ಅದಕ್ಕಿಂತ ಮುಂಚೆಯೇ ಶುರುವಾಗಿರುತ್ತದೆ. ಹೊರಗೆ ಯಾವ ಲಕ್ಷಣವನ್ನೂ ತೋರಿಸದೆ ಒಳಗೆ ಕೀಟೋನ್ ಏರಿರುವ ಹಸುಗಳು ಹಾಲು ಕಡಿಮೆ ಕೊಡುತ್ತವೆ, ತಡವಾಗಿ ಬೆದೆಗೆ ಬರುತ್ತವೆ, ಹೊಟ್ಟೆಯ ನಾಲ್ಕನೇ ಚೀಲ ಪಕ್ಕಕ್ಕೆ ಸರಿಯುವ ಅಪಾಯವೂ ಜಾಸ್ತಿ. ಇಂಥ ಹಸುವನ್ನು ಮೂಗು ಹಿಡಿಯಲಾರದು.

ಮತ್ತೊಂದು ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೀಟೋಸಿಸ್‌ನಲ್ಲಿ ನರಗಳಿಗೆ ಸಂಬಂಧಿಸಿದ ಒಂದು ಬಗೆ ಇದೆ. ಹಸು ಗೋಡೆ ನೆಕ್ಕುತ್ತದೆ, ತಲೆಯನ್ನು ಕಂಬಕ್ಕೆ ಒತ್ತುತ್ತದೆ, ಸುತ್ತು ಹಾಕುತ್ತದೆ, ಜೊಲ್ಲು ಸುರಿಸುತ್ತದೆ. ಹುಚ್ಚುನಾಯಿ ರೋಗದಲ್ಲೂ ಹೀಗೆಯೇ ಆಗಬಹುದು. ಇಂಥ ಹಸುವಿನ ಬಾಯಿಯ ಹತ್ತಿರ ಮುಖ ಒಯ್ಯಬಾರದು, ಬಾಯೊಳಗೆ ಕೈ ಹಾಕಬಾರದು. ವಾಸನೆ ನೋಡುವ ಮಾತೇ ಬೇಡ. ಕಟ್ಟಿಹಾಕಿ, ದೂರ ನಿಂತು ವೈದ್ಯರನ್ನು ಕರೆಯಿರಿ.

ಉಸಿರಿನ ಉಪಕರಣಗಳು: ಎಲ್ಲಿಯವರೆಗೆ ಬಂದಿವೆ

ವಾಸನೆಯನ್ನು ಯಂತ್ರಕ್ಕೆ ಕಲಿಸುವ ಯೋಚನೆ ಹೊಸದಲ್ಲ. ಮನುಷ್ಯನ ಉಸಿರಿನಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಎಂದು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1971ರಲ್ಲಿ ತೋರಿಸಿದರು. 1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಪರ್ಸಾಡ್ ಮತ್ತು ಡಾಡ್ ಹಲವು ಸೆನ್ಸರ್‌ಗಳನ್ನು ಒಟ್ಟಿಗೆ ಬಳಸಿ ವಾಸನೆ ಗುರುತಿಸುವ ಎಲೆಕ್ಟ್ರಾನಿಕ್ ಮೂಗನ್ನು ವಿವರಿಸಿದರು. ಹಸುವಿನ ಕೀಟೋಸಿಸ್ ಈ ವಿದ್ಯೆಗೆ ಸಹಜವಾದ ಗುರಿಯಾಯಿತು. 1990ರ ದಶಕದಲ್ಲೇ ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡಿನ ಸಂಶೋಧಕರು ಹಸುವಿನ ಉಸಿರಿನ ಅಸಿಟೋನ್ ಅಳೆದು ರಕ್ತದ ಜೊತೆ ಹೋಲಿಸಿ ನೋಡಿದರು. ಸಂಬಂಧ ಇದೆ ಎಂದು ಗೊತ್ತಾಯಿತು. ರಕ್ತದಲ್ಲಿ ಕೀಟೋನ್ ಏರಿದರೆ ಉಸಿರಿನಲ್ಲೂ ಏರುತ್ತದೆ.

ಹಾಗಾದರೆ ಇಷ್ಟು ವರ್ಷವಾದರೂ ಪ್ರತಿ ಕೊಟ್ಟಿಗೆಗೂ ಇದು ಯಾಕೆ ಬರಲಿಲ್ಲ? ಕಾರಣ ಹಸುವಿನ ಹೊಟ್ಟೆಯಲ್ಲೇ ಇದೆ.

ಮನುಷ್ಯನಿಗೆ ಪೂರ್ತಿ ಉಸಿರು ಎಳೆದು, ಹಿಡಿದು, ಊದು ಎನ್ನಬಹುದು. ಕೊನೆಗೆ ಬರುವ ಗಾಳಿಯೇ ಶ್ವಾಸಕೋಶದ ಆಳದಿಂದ ಬಂದದ್ದು, ರಕ್ತದ ಸುದ್ದಿ ಇರುವುದು ಅದರಲ್ಲೇ. ಹಸುವಿಗೆ ಹಾಗೆ ಹೇಳಲಾಗದು. ಮೇಲಾಗಿ ಮೆಲುಕು ಹಾಕುವ ಪ್ರಾಣಿ ದಿನವಿಡೀ ತೇಗುತ್ತದೆ. ಹೊಟ್ಟೆಯ ದೊಡ್ಡ ಚೀಲದಲ್ಲಿ ಮೇವು ಹುದುಗಿ ಬಂದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಉಸಿರಿನ ಜೊತೆ ಬೆರೆಯುತ್ತವೆ. ತೇಗಿದ ಗಾಳಿಯ ಒಂದು ಪಾಲು ಶ್ವಾಸಕೋಶಕ್ಕೂ ಹೋಗಿ ಮತ್ತೆ ಹೊರಬರುತ್ತದೆ. ಹೊಟ್ಟೆಯ ಗಾಳಿಗೂ ಉಸಿರಿಗೂ ಗೆರೆ ಎಳೆಯುವುದು ಕಷ್ಟ. ಅದರ ಮೇಲೆ ಕೊಟ್ಟಿಗೆಯ ಗಾಳಿ: ಗಂಜಲದ ಅಮೋನಿಯಾ, ಹುಳಿತ ಮೇವಿನ ಆಲ್ಕೋಹಾಲ್, ಕೆಚ್ಚಲು ಒರೆಸುವ ಔಷಧಿ. ಹಸು ಒಳಗೆ ಎಳೆದುಕೊಂಡದ್ದನ್ನೇ ಹೊರಗೆ ಬಿಟ್ಟರೂ ಯಂತ್ರಕ್ಕೆ ಅದು ಹಸುವಿನದ್ದೇ ಎಂದು ಕಾಣಬಹುದು. ಉಸಿರಿನ ತೇವವೂ ಸೆನ್ಸರ್ ಮೇಲೆ ಕೂತು ಲೆಕ್ಕ ಕೆಡಿಸುತ್ತದೆ.

ಸಂಶೋಧನೆಯಲ್ಲಿ ಇದಕ್ಕೆಲ್ಲ ದಾರಿ ಇದೆ. ಮೂತಿಗೆ ಮಾಸ್ಕ್ ಹಾಕುತ್ತಾರೆ, ಉಸಿರನ್ನು ವಿಶೇಷ ಚೀಲದಲ್ಲಿ ಅಥವಾ ಹೀರಿಕೊಳ್ಳುವ ನಳಿಗೆಯಲ್ಲಿ ಹಿಡಿಯುತ್ತಾರೆ, ಕೊಟ್ಟಿಗೆಯ ಗಾಳಿಯನ್ನೂ ಬೇರೆಯಾಗಿ ಹಿಡಿದು ಕಳೆಯುತ್ತಾರೆ, ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮಟೋಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಂದೊಂದೇ ವಸ್ತುವನ್ನು ಬಿಡಿಸಿ ನೋಡುತ್ತಾರೆ. ಇದು ನಿಖರ. ಆದರೆ ಬೆಳಗಿನ ಹಾಲು ಡೇರಿಗೆ ಹಾಕಿ ಬರುವ ಹೊತ್ತಿಗೆ ಉತ್ತರ ಬೇಕು ಎನ್ನುವವರಿಗೆ ಇದರಿಂದ ಪ್ರಯೋಜನವಿಲ್ಲ.

ಡಯಟ್ ಮಾಡುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಊದುವ ಕೀಟೋನ್ ಮೀಟರ್ ಹಸುವಿಗೆ ಆಗುತ್ತದಾ ಎಂದು ಕೇಳುವವರಿದ್ದಾರೆ. ಬೇಡ. ಅಂಥ ಅಗ್ಗದ ಉಪಕರಣಗಳಲ್ಲಿ ಹೆಚ್ಚಾಗಿ ಇರುವುದು ಲೋಹದ ಆಕ್ಸೈಡ್ ಸೆನ್ಸರ್. ಅದು ಅಸಿಟೋನ್ ಒಂದಕ್ಕೇ ಸ್ಪಂದಿಸುವುದಿಲ್ಲ. ಆಲ್ಕೋಹಾಲ್, ಹೈಡ್ರೋಜನ್, ಮೀಥೇನ್ ಎಲ್ಲಕ್ಕೂ ಸ್ಪಂದಿಸುತ್ತದೆ. ಹಸುವಿನ ತೇಗಿನಲ್ಲಿ ಇರುವುದು ಇವೇ ಅಲ್ವಾ? ಸಂಖ್ಯೆ ಏನೋ ಬರುತ್ತದೆ, ಅರ್ಥ ಬರುವುದಿಲ್ಲ.

ಯಾರಾದರೂ ಹಸುವಿಗೆಂದೇ ಮಾಡಿದ ಉಸಿರಿನ ಉಪಕರಣ ತಂದು ತೋರಿಸಿದರೆ ಅನುಮಾನದಿಂದ ಓಡಿಸಬೇಡಿ, ಆದರೆ ಕೂರಿಸಿಕೊಂಡು ಕೇಳಿ. ಇದನ್ನು ರಕ್ತದ ಬಿಎಚ್‌ಬಿ ಜೊತೆ ಹೋಲಿಸಿದ್ದೀರಾ? ಯಾವ ತಳಿಯ ಹಸುಗಳಲ್ಲಿ, ಏನು ಮೇವು ತಿನ್ನುವ ಹಸುಗಳಲ್ಲಿ? ತೇಗು ಬಂದಾಗ ಏನಾಗುತ್ತದೆ? ಕೊಟ್ಟಿಗೆಯ ಗಾಳಿಯನ್ನು ಹೇಗೆ ಕಳೆಯುತ್ತದೆ? ಸೆನ್ಸರ್ ಎಷ್ಟು ಕಾಲ ಬಾಳುತ್ತದೆ, ಸರಿಯಿದೆಯೇ ಎಂದು ಯಾರು ಬಂದು ನೋಡುತ್ತಾರೆ? ಇವಕ್ಕೆ ನೇರ ಉತ್ತರ ಸಿಕ್ಕರೆ ಮುಂದಿನ ಮಾತು. ನಿಮ್ಮ ಹಸುವಿನ ಮೇಲೆ ಅದನ್ನೂ ರಕ್ತದ ಮೀಟರನ್ನೂ ಒಟ್ಟಿಗೆ ಹಿಡಿದು ತೋರಿಸಲು ಹೇಳಿ. ಒಪ್ಪದಿದ್ದರೆ ಕೊಳ್ಳಬೇಡಿ.

ಗಂಜಲದ ಪಟ್ಟಿ ಮತ್ತು ರೋಥೆರಾ ಪುಡಿ

ಎರಡು ಮೂರು ಹಸು ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಔಷಧಿ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ಸಿಗುವ ಮೂತ್ರದ ಕೀಟೋನ್ ಪಟ್ಟಿ ಹಸುವಿಗೂ ನಡೆಯುತ್ತದೆ. ಒಂದು ಪಟ್ಟಿಗೆ ತಗಲುವ ಖರ್ಚು ತೀರಾ ಕಡಿಮೆ. ಪಶು ಆಸ್ಪತ್ರೆಗಳಲ್ಲಿ ಮಾಡುವ ರೋಥೆರಾ ಪರೀಕ್ಷೆಯ ಹಿಂದಿರುವುದೂ ಇದೇ ರಸಾಯನ, ಸೋಡಿಯಂ ನೈಟ್ರೋಪ್ರುಸೈಡ್. ಕೀಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ. ರೋಥೆರಾ ಎಂಬ ವಿಜ್ಞಾನಿ ಇದನ್ನು ಪ್ರಕಟಿಸಿದ್ದು 1908ರಲ್ಲಿ. ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಗಂಜಲ ಹಿಡಿಯುವುದು ಕಷ್ಟವಲ್ಲ. ಮಲಗಿದ್ದ ಹಸು ಬೆಳಿಗ್ಗೆ ಎದ್ದು ನಿಂತ ಕೂಡಲೇ ಗಂಜಲ ಹಾಕುತ್ತದೆ, ಆಗ ಸ್ವಚ್ಛ ಲೋಟ ಹಿಡಿದರಾಯಿತು. ಇಲ್ಲವಾದರೆ ಯೋನಿಯ ಕೆಳಗಿನ ಚರ್ಮವನ್ನು ಮೆಲ್ಲಗೆ ಸವರುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ಹಾಕುತ್ತದೆ. ಪಟ್ಟಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. ಹೆಚ್ಚಿನ ಪಟ್ಟಿಗಳಿಗೆ ಅದು 15 ಸೆಕೆಂಡ್. ಬಿಟ್ಟು ಬೇರೆ ಕೆಲಸ ಮಾಡಿ ಬಂದು ನೋಡಿದರೆ ಬಣ್ಣ ಗಾಢವಾಗಿ ಸುಮ್ನೆ ಹೆದರಿಸುತ್ತದೆ. ಡಬ್ಬಿಯ ಮೇಲೆ ಸಾಮಾನ್ಯವಾಗಿ 5, 15, 40, 80, 160 ಎಂದು ಮಟ್ಟಗಳಿರುತ್ತವೆ. 5ಕ್ಕೆ ಗಾಬರಿ ಬೇಡ, ಮಾರನೇ ದಿನ ಮತ್ತೆ ನೋಡಿ. 15 ಅಥವಾ ಅದಕ್ಕಿಂತ ಮೇಲೆ ಬಂದರೆ ವೈದ್ಯರಿಗೆ ಹೇಳಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಕೊಟ್ಟಿಗೆಯ ಕಿಟಕಿಯಲ್ಲಿ ತೆರೆದಿಟ್ಟ ಪಟ್ಟಿ ತೇವ ಕುಡಿದು ಕೆಟ್ಟುಹೋಗುತ್ತದೆ. ದಿನಾಂಕ ಮೀರಿದ್ದನ್ನು ಬಿಸಾಡಿ.

ಗಂಜಲದಲ್ಲಿ ಕೀಟೋನ್ ರಕ್ತಕ್ಕಿಂತ ಎಷ್ಟೋ ಪಟ್ಟು ಸಾಂದ್ರವಾಗಿ ಸೇರಿರುತ್ತದೆ. ಹಾಲಿನಲ್ಲಿ ರಕ್ತಕ್ಕಿಂತ ಕಡಿಮೆ. ಇದರಿಂದ ಉಪಯೋಗಕ್ಕೆ ಬರುವ ಒಂದು ಸೂತ್ರ ಸಿಗುತ್ತದೆ. ಮೇವು ಬಿಟ್ಟ ಹಸುವಿನ ಗಂಜಲದಲ್ಲಿ ಬಣ್ಣವೇ ಬರದಿದ್ದರೆ ಬೇರೆ ಕಾರಣ ಹುಡುಕಿ. ಹಾಲಿಗೆ ರೋಥೆರಾ ಪುಡಿ ಹಾಕಿದಾಗಲೂ ನೇರಳೆ ಬಂದರೆ ಕೀಟೋಸಿಸ್ ಬಲವಾಗಿದೆ ಎಂದು ತಿಳಿಯಿರಿ. ಗಂಜಲದಲ್ಲಿ ಮಾತ್ರ ತಿಳಿಯಾಗಿ ಬಂದು ಹಾಲಿನಲ್ಲಿ ಬರದಿದ್ದರೆ ಅದು ನಡುವಿನ ಸ್ಥಿತಿ. ಆಗಲೇ ರಕ್ತ ನೋಡುವುದರಿಂದ ಹೆಚ್ಚು ಪ್ರಯೋಜನ.

ಹಾಲು

ಹಾಲಿನಲ್ಲಿ ಬಿಎಚ್‌ಬಿ ನೋಡುವ ಪಟ್ಟಿಗಳೂ ಇವೆ. ಹಸುವನ್ನು ಮುಟ್ಟದೆ, ದಿನವೂ ಹೇಗೂ ಕೈಗೆ ಬರುವ ಹಾಲಿನಲ್ಲೇ ನೋಡುವುದರಿಂದ ಎಲ್ಲಕ್ಕಿಂತ ಸುಲಭ. ಆದರೆ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವ ಸಾಮಾನಲ್ಲ, ರಕ್ತದಷ್ಟು ನಿಖರವೂ ಅಲ್ಲ. ಡೇರಿಯ ಚೀಟಿಯನ್ನೂ ಗಮನಿಸಿ. ಕರು ಹಾಕಿದ ಹೊಸತರಲ್ಲಿ ಹಾಲು ಇಳಿಯುತ್ತಿದ್ದು ಫ್ಯಾಟ್ ಮಾತ್ರ ಏರುತ್ತಿದ್ದರೆ ಹಸು ಮೈಕೊಬ್ಬು ಕರಗಿಸುತ್ತಿದೆ ಎಂಬ ಸುಳಿವು. ಫ್ಯಾಟ್ ಜಾಸ್ತಿ ಬಂತು, ದರ ಜಾಸ್ತಿ ಸಿಕ್ಕಿತು ಎಂದು ಖುಷಿಪಡುವ ಮುನ್ನ ಗಂಜಲಕ್ಕೆ ಒಂದು ಪಟ್ಟಿ ಅದ್ದಿ ನೋಡಿ.

ರಕ್ತದ ಮೀಟರ್

ಎಲ್ಲ ಪರೀಕ್ಷೆಗಳನ್ನೂ ಅಳೆಯುವ ಅಳತೆಗೋಲು ಇದು. ಮನುಷ್ಯರಿಗೆಂದು ಮಾಡಿದ, ಅಂಗೈಯಲ್ಲಿ ಹಿಡಿಯುವ ಕೀಟೋನ್ ಮೀಟರ್‌ಗಳನ್ನು ಹಸುಗಳಲ್ಲಿ ಪ್ರಯೋಗಾಲಯದ ಫಲಿತಾಂಶದ ಜೊತೆ ಹೋಲಿಸಿ ನೋಡಿದ್ದಾರೆ. ಚೆನ್ನಾಗಿ ಹೊಂದಿದೆ. ಒಂದು ಹನಿ ರಕ್ತ, ಕೆಲವೇ ಸೆಕೆಂಡ್, ಒಂದು ಸಂಖ್ಯೆ. ಲೀಟರ್‌ಗೆ 1.2 ಮಿಲಿಮೋಲ್ ಮುಟ್ಟಿದರೆ ಲಕ್ಷಣ ಕಾಣದಿದ್ದರೂ ಒಳಗೆ ಕೀಟೋಸಿಸ್ ಶುರುವಾಗಿದೆ ಎಂದು ಹೆಚ್ಚಿನವರು ಲೆಕ್ಕ ಹಿಡಿಯುತ್ತಾರೆ. 3.0ರ ಹತ್ತಿರ ಬಂದರೆ ಸಾಮಾನ್ಯವಾಗಿ ಲಕ್ಷಣಗಳೂ ಕಾಣುತ್ತವೆ. ಬಣ್ಣ ನೋಡಿ ಅಂದಾಜಿಸುವ ಗೊಂದಲ ಇಲ್ಲ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂದು ಹೋಲಿಸಬಹುದು. ಉಸಿರು, ಗಂಜಲ ಎರಡರಲ್ಲೂ ಸಿಗದ ಅನುಕೂಲ ಇದು.

ಕೊಳ್ಳುವಾಗ ಮೀಟರ್ ಬೆಲೆ ನೋಡಿ ಮೋಸ ಹೋಗಬೇಡಿ, ಖರ್ಚು ಇರುವುದು ಪಟ್ಟಿಯಲ್ಲಿ. ಕೀಟೋನ್ ಪಟ್ಟಿ ಸಕ್ಕರೆ ಪಟ್ಟಿಗಿಂತ ದುಬಾರಿ. ಸಕ್ಕರೆ ಪಟ್ಟಿ ಹಾಕಿ ಕೀಟೋನ್ ನೋಡಲಾಗದು, ಎರಡೂ ಬೇರೆ ಬೇರೆ. ನಿಮ್ಮ ಊರಿಗೆ ಪಟ್ಟಿ ಸರಿಯಾಗಿ ಪೂರೈಕೆ ಆಗುತ್ತದೆಯೇ ಎಂದು ವಿಚಾರಿಸಿ ಆಮೇಲೆ ಮೀಟರ್ ತೆಗೆದುಕೊಳ್ಳಿ. ಬಿಸಿಲಲ್ಲಿ ನಿಂತ ಸ್ಕೂಟರ್‌ನ ಡಿಕ್ಕಿಯಲ್ಲಿ ಪಟ್ಟಿ ಇಡಬೇಡಿ.

ರಕ್ತ ತೆಗೆಯುವುದು ವೈದ್ಯರ ಅಥವಾ ತರಬೇತಿ ಇದ್ದವರ ಕೆಲಸ. ಸಾಮಾನ್ಯವಾಗಿ ಬಾಲದ ಬುಡದ ರಕ್ತನಾಳದಿಂದ ತೆಗೆಯುತ್ತಾರೆ. ಹೊಟ್ಟೆಯ ಕೆಳಗೆ ಎದ್ದು ಕಾಣುವ ಹಾಲಿನ ನರ ಸುಲಭ ಎನ್ನಿಸಿದರೂ ಅಲ್ಲಿಂದ ಬೇಡ. ಕೆಚ್ಚಲು ಬಿಎಚ್‌ಬಿಯನ್ನು ಬಳಸಿಕೊಳ್ಳುವುದರಿಂದ ಅಲ್ಲಿಯ ರಕ್ತದಲ್ಲಿ ಅದು ಕಡಿಮೆ ತೋರುತ್ತದೆ. ಒಂದೊಂದು ಹಸುವಿಗೂ ಹೊಸ ಸೂಜಿ. ಅನಾಪ್ಲಾಸ್ಮಾದಂಥ ರಕ್ತದ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟಲು ಹಳೆಯ ಸೂಜಿ ಸಾಕು. ಹೊತ್ತನ್ನೂ ಬರೆದಿಡಿ. ಮೇವು ತಿಂದ ನಾಲ್ಕೈದು ಗಂಟೆಯ ಮೇಲೆ ಬಿಎಚ್‌ಬಿ ದಿನದ ಗರಿಷ್ಠಕ್ಕೆ ಏರಿರುತ್ತದೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ನೋಡಿ ಹೋಲಿಸಿದರೆ ತಪ್ಪು ಅರ್ಥ ಬರುತ್ತದೆ.

ಕರು ಹಾಕಿದ ಮೂರನೇ ದಿನದಿಂದ ಎರಡು ವಾರದ ಒಳಗೆ ನೋಡುವುದು ಹೆಚ್ಚು ಫಲ ಕೊಡುತ್ತದೆ. ಆ ಅವಧಿಯಲ್ಲಿ ಒಮ್ಮೆಯಲ್ಲ, ಎರಡು ಸಲ. ಗಬ್ಬದಲ್ಲಿ ಹೆಚ್ಚು ಕೊಬ್ಬಿದ್ದ ಹಸು, ಹಿಂದಿನ ಸೂಲಿನಲ್ಲಿ ಕೀಟೋಸಿಸ್ ಬಂದಿದ್ದ ಹಸು, ಅವಳಿ ಹಾಕಿದ ಹಸು ಇವನ್ನು ಬಿಡಲೇಬೇಡಿ.

ಹಾಗಾದರೆ ಯಾರಿಗೆ ಯಾವುದು

ಎರಡು ಮೂರು ಹಸುವಿನ ಮನೆಗೆ ಗಂಜಲದ ಪಟ್ಟಿಯ ಒಂದು ಡಬ್ಬಿ ಮತ್ತು ಮನೆಯಲ್ಲಿ ಚುರುಕಾಗಿರುವ ಒಂದು ಮೂಗು. ಅನುಮಾನ ಬಂದರೆ ರಕ್ತಕ್ಕೆ ವೈದ್ಯರು. ಹತ್ತಿರ ಆಸ್ಪತ್ರೆ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಇಪ್ಪತ್ತಕ್ಕಿಂತ ಜಾಸ್ತಿ ಹಸು ಕಟ್ಟಿದವರಿಗೆ ರಕ್ತದ ಮೀಟರ್ ಬೇಗ ತನ್ನ ದುಡ್ಡು ತಾನೇ ತೀರಿಸಿಕೊಳ್ಳುತ್ತದೆ. ಎಲ್ಲ ಹಸುವಿಗೂ ಅಲ್ಲ, ಹೊಸದಾಗಿ ಕರು ಹಾಕಿದವಕ್ಕೆ ಮಾತ್ರ. ಊರಿನ ಹಾಲಿನ ಸಂಘದವರು ಒಂದು ಮೀಟರ್ ತೆಗೆದು ಸದಸ್ಯರಿಗೆಲ್ಲ ಬಳಸುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಹೀಗೆ ಆಗಬೇಕು ಎಂಬುದು ನನ್ನ ಮನಸ್ಸಿನ ಆಸೆ ಕೂಡ. ಪಟ್ಟಿಯ ಖರ್ಚು ಸಣ್ಣ ರೈತರಿಗೆ ಹಂಚಿಹೋಗುತ್ತದೆ, ಅವಧಿ ಮೀರಿ ಹಾಳಾಗುವುದೂ ತಪ್ಪುತ್ತದೆ.

ಉಸಿರಿನ ಯಂತ್ರ ಇವತ್ತು ಪಶುವೈದ್ಯ ಕಾಲೇಜು, ಸಂಶೋಧನಾ ಕೇಂದ್ರಗಳ ಸ್ವತ್ತು. ಅಲ್ಲಿ ಅದು ಬೆಳೆಯಲಿ. ಹಾಲು ಕರೆಯುವ ಯಂತ್ರದ ಬಳಿ, ಗೋದಲಿಯ ಬಳಿ ದಿನಕ್ಕೆ ಹಲವು ಸಲ ತಾನಾಗಿಯೇ ಉಸಿರು ನೋಡಿ, ಒಂದೇ ಹಸುವಿನ ನಿನ್ನೆ ಮತ್ತು ಇವತ್ತನ್ನು ಹೋಲಿಸುವ ಸೆನ್ಸರ್ ಬಂದರೆ ಅದರ ನಿಜವಾದ ಬಲ ಆಗ ಕಾಣುತ್ತದೆ. ಒಂದು ಸಲ ಹಿಡಿದು ಹೌದು ಅಥವಾ ಇಲ್ಲ ಎನ್ನಿಸುವುದಕ್ಕಿಂತ ಬದಲಾವಣೆ ಹಿಡಿಯುವುದರಲ್ಲೇ ಉಸಿರಿಗೆ ಭವಿಷ್ಯ ಇದೆ ಎಂದು ನನಗೆ ಅನ್ನಿಸುತ್ತದೆ.

ಉಸಿರಿನ ಯಂತ್ರ ಎಂದ ಕೂಡಲೇ ಮೀಥೇನ್ ಅಳೆಯುವ ಯಂತ್ರಗಳನ್ನೂ ಇದರೊಳಗೆ ಸೇರಿಸಬೇಡಿ. ಹಸು ಹಿಂಡಿ ತಿನ್ನಲು ತಲೆ ಹಾಕಿದಾಗ ಅದರ ಗಾಳಿ ಎಳೆದು ಮೀಥೇನ್ ಲೆಕ್ಕ ಹಾಕುವ ಅಮೆರಿಕದ ಗ್ರೀನ್‌ಫೀಡ್‌ನಂಥವು ಇವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲೂ ದನಗಳ ಮೀಥೇನ್ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಅವುಗಳ ಗುರಿ ಮೇವು ಮತ್ತು ಹವಾಮಾನ, ರೋಗ ಪತ್ತೆಯಲ್ಲ.

ಕ್ಷಯಕ್ಕೆ ಉಸಿರಿನ ಪರೀಕ್ಷೆ ಆಗುತ್ತದೆಯೇ

ಕೀಟೋಸಿಸ್ ಬಿಟ್ಟರೆ ಉಸಿರಿನ ಮೇಲೆ ಹೆಚ್ಚು ಆಸೆ ಇಟ್ಟಿರುವುದು ದನಗಳ ಕ್ಷಯಕ್ಕೆ. ಈಗಿನ ಪರೀಕ್ಷೆಯಲ್ಲಿ ಕತ್ತಿನ ಚರ್ಮಕ್ಕೆ ಟ್ಯುಬರ್ಕ್ಯುಲಿನ್ (ಕ್ಷಯದ ರೋಗಾಣುವಿನಿಂದ ತೆಗೆದ ಸಾರ) ಚುಚ್ಚಿ, 72 ಗಂಟೆ ಬಿಟ್ಟು ಮತ್ತೆ ಬಂದು ಊತ ಅಳೆಯಬೇಕು. ವೈದ್ಯರು ಎರಡು ಸಲ ಬರಬೇಕು, ದನವನ್ನು ಎರಡು ಸಲ ಹಿಡಿಯಬೇಕು. ಒಂದು ಉಸಿರಿನಲ್ಲಿ ಮುಗಿದರೆ ಎಷ್ಟು ಚೆನ್ನ.

2012ರಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕಿತ ದನಗಳನ್ನೆಲ್ಲ ಉಸಿರಿನ ಸೆನ್ಸರ್ ಹಿಡಿಯಿತು. ಆದರೆ ಸೋಂಕಿಲ್ಲದ ದನಗಳಲ್ಲಿ 21 ಶೇಕಡಾವನ್ನು ಸೋಂಕಿತ ಎಂದು ತೋರಿಸಿತು. ಪತ್ರಿಕೆಯಲ್ಲಿ ಮೊದಲ ಸಾಲು ಓದಿ ಖುಷಿಪಡುತ್ತೇವೆ. ಎರಡನೆಯದನ್ನು ನಿಧಾನವಾಗಿ ಲೆಕ್ಕ ಹಾಕಿ. 1,000 ದನಗಳಲ್ಲಿ 20ಕ್ಕೆ ಕ್ಷಯ ಇದೆ ಎಂದಿಟ್ಟುಕೊಳ್ಳೋಣ. ಆ 20 ಸಿಗುತ್ತವೆ. ಉಳಿದ 980ರಲ್ಲಿ ಸುಮಾರು 206 ಆರೋಗ್ಯವಂತ ದನಗಳಿಗೂ ಕ್ಷಯ ಎಂಬ ಹಣೆಪಟ್ಟಿ ಬೀಳುತ್ತದೆ. ರೋಗ ಎಂದು ಬೆರಳು ತೋರಿಸಿದ ಹತ್ತರಲ್ಲಿ ಒಂಬತ್ತಕ್ಕೆ ರೋಗವೇ ಇಲ್ಲ. ಬ್ರಿಟನ್ನಿನಂಥ ದೇಶದಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದನವನ್ನು ಕೊಲ್ಲುತ್ತಾರೆ. ನಮ್ಮಲ್ಲಿ ಕೊಲ್ಲದಿದ್ದರೂ ಆ ಹಸುವಿನ ಹಾಲು, ಬೆಲೆ, ಮನೆಯವರ ನೆಮ್ಮದಿ ಎಲ್ಲ ಹೋಗುತ್ತದೆ. ಹಾಗಾಗಿ ಮೊದಲು ಜರಡಿ ಹಿಡಿಯಲು ಇಂಥದ್ದು ಬರಬಹುದು. ಕೊನೆಯ ಮಾತು ಚರ್ಮದ ಪರೀಕ್ಷೆ ಅಥವಾ ರಕ್ತದ ಗಾಮಾ ಇಂಟರ್‌ಫೆರಾನ್ ಪರೀಕ್ಷೆಯದ್ದೇ ಆಗಿರಬೇಕು. ಅದುವರೆಗೆ ಹಾಲನ್ನು ಕಾಯಿಸಿಯೇ ಕುಡಿಯಿರಿ.

ಕರುಗಳ ಕೆಮ್ಮು, ನ್ಯುಮೋನಿಯಾಗೆ ಉಸಿರಿನ ಉಪಕರಣ ಹುಡುಕಿ ಹೊತ್ತು ಕಳೆಯಬೇಡಿ. ಥರ್ಮಾಮೀಟರ್ ಸಾಕು. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದು, ಮೂಗು ಸುರಿಯುತ್ತಿದ್ದು, ಕಿವಿ ಜೋತುಬಿದ್ದಿದ್ದರೆ ಅದೇ ದಿನ ತೋರಿಸಿ.

ಕುರಿ ಸಾಕುವವರಿಗೆ

ಕುರಿಯಲ್ಲಿ ಕಾಲ ತಿರುವುಮುರುವು. ಹಸುವಿಗೆ ಕರು ಹಾಕಿದ ಮೇಲೆ ಕೀಟೋನ್ ಏರಿದರೆ, ಕುರಿಗೆ ಮರಿ ಹಾಕುವ ಮುಂಚಿನ ಕೊನೆಯ ವಾರಗಳಲ್ಲಿ ಏರುತ್ತದೆ, ಅದರಲ್ಲೂ ಹೊಟ್ಟೆಯಲ್ಲಿ ಎರಡು ಮೂರು ಮರಿ ಇದ್ದಾಗ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಸಂಸ್ಥೆ ಬೆಳೆಸಿದ ನಾರಿ ಸುವರ್ಣದಂಥ ಅವಳಿ ಹಾಕುವ ತಳಿ ಕರ್ನಾಟಕದಲ್ಲೂ ಹಬ್ಬಿರುವುದರಿಂದ ಇದನ್ನು ಗಮನಿಸಲೇಬೇಕು. ಗಬ್ಬದ ಕುರಿ ಮಂದೆಯಿಂದ ಹಿಂದೆ ಬಿದ್ದು, ಮೇಯದೆ, ಕಣ್ಣು ಕಾಣದಂತೆ ನಿಂತು, ಉಸಿರಿನಲ್ಲಿ ಸಿಹಿ ವಾಸನೆ ಬಂದರೆ ಹಸುವಿನಷ್ಟು ಸಮಯ ಸಿಗುವುದಿಲ್ಲ. ಕುರಿ ಬೇಗ ನೆಲ ಹಿಡಿಯುತ್ತದೆ. ಇಲ್ಲೂ ಅದೇ ಗಂಜಲದ ಪಟ್ಟಿ ನಡೆಯುತ್ತದೆ. ಆದರೆ ವಾಸನೆ ಸಿಕ್ಕ ಮೇಲೆ ಪಟ್ಟಿಗಾಗಿ ಪೇಟೆಗೆ ಹೋಗಿ ಬರುವಷ್ಟು ಕಾಯಬೇಡಿ, ನೇರ ವೈದ್ಯರನ್ನು ಕರೆಯಿರಿ.

ಪಟ್ಟಿ ನೇರಳೆಯಾಯಿತು, ಮುಂದೇನು

ಕೀಟೋನ್ ಸಿಕ್ಕ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಮೇವು ಬಿಟ್ಟ ಯಾವ ಹೊಸಗರುವಿನ ಹಸುವಿಗೂ ಕೀಟೋನ್ ಏರಬಹುದು. ಗರ್ಭಕೋಶದ ಸೋಂಕು, ಹೊಟ್ಟೆಯ ಚೀಲ ಸರಿದಿರುವುದು, ಮೇವಿನ ಜೊತೆ ತಂತಿ ನುಂಗಿರುವುದು, ಕೆಚ್ಚಲು ಬಾವು ಇವೆಲ್ಲ ಹಿಂದೆ ಅಡಗಿರಬಹುದು. ಉಸಿರು, ಗಂಜಲ, ರಕ್ತ ಮೂರೂ ಇದನ್ನು ಬೇರೆ ಮಾಡಿ ಹೇಳಲಾರವು. ವೈದ್ಯರು ಸ್ಟೆತಸ್ಕೋಪ್ ಇಟ್ಟು, ಮೈ ಮುಟ್ಟಿ ನೋಡಲೇಬೇಕು.

ಬೆಲ್ಲದ ನೀರು ಕುಡಿಸಿದರೆ ಸಾಕು ಎಂಬ ನಂಬಿಕೆ ಹಳ್ಳಿಗಳಲ್ಲಿ ಇದೆ. ಬೆಲ್ಲ ಹೊಟ್ಟೆಯ ದೊಡ್ಡ ಚೀಲದಲ್ಲೇ ಹುದುಗಿಹೋಗುತ್ತದೆ, ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜಾಸ್ತಿ ಕೊಟ್ಟರೆ ಹೊಟ್ಟೆ ಹುಳಿಯಾಗುತ್ತದೆ. ವೈದ್ಯರು ನರಕ್ಕೆ ಡೆಕ್ಸ್‌ಟ್ರೋಸ್ ಕೊಡುವುದು, ಬಾಯಿಗೆ ಪ್ರೊಪೈಲಿನ್ ಗ್ಲೈಕಾಲ್ ಬರೆಯುವುದು ಇದಕ್ಕೇ. ಬಾಯಿಗೆ ಕುಡಿಸುವಾಗ ತಲೆಯನ್ನು ತೀರಾ ಮೇಲೆತ್ತಬೇಡಿ, ಔಷಧಿ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ.

ಡೆಕ್ಸ್‌ಟ್ರೋಸ್ ಹಾಕಿದ ದಿನ ಹಸು ಎದ್ದು ಚುರುಕಾಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದರ ಪರಿಣಾಮ ಕೆಲವು ಗಂಟೆ ಮಾತ್ರ. ಬಾಯಿಗೆ ಬರೆದ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ ಬಿಡದೆ ಕೊಡಿ. ಮುಗಿದ ಮೇಲೆ ಮೊದಲು ನೋಡಿದ ಹೊತ್ತಿನಲ್ಲೇ, ಅದೇ ಬಗೆಯ ಪಟ್ಟಿಯಿಂದ ಮತ್ತೆ ನೋಡಿ, ದಿನಾಂಕದ ಜೊತೆ ಬರೆದಿಡಿ. ಅದೇ ಹಸು ಮುಂದಿನ ಸಲ ಕರು ಹಾಕಿದಾಗ ಮೂರನೇ ದಿನದಿಂದಲೇ ಯಾಕೆ ನೋಡಬೇಕು ಎಂದು ಆ ಚೀಟಿ ನಿಮಗೆ ನೆನಪಿಸುತ್ತದೆ.